ಹುಟ್ಟನ್ನು ಕಾಣುವದೋ, ಕಾಣದಿರುವದೋ?

ಮನುಷ್ಯನಿಗೆ ಒಂದು ಸ್ಥಾನವನ್ನಾಗಲಿ, ಒಂದು ಪಾತ್ರವನ್ನಾಗಲಿ ಕೊಡುವಾಗ ಅವನ ಕುಲ, ಬಣ್ಣ, ಹುಟ್ಟಿದ ದೇಶ ಇವುಗಳನ್ನು ಗಮನಕ್ಕೆ ತರುವದು ನ್ಯಾಯವೋ, ತಾರದಿರುವದು ನ್ಯಾಯವೋ ಎಂಬ ಪ್ರಶ್ನೆಯು ತೀರ ಹೊಸದೆಂದು ಅನೇಕರು ಭಾವಿಸುವರು. ಅಮೇರಿಕೆ ಇಂಗ್ಲಂಡಗಳ ನಾಟಕಶಾಲೆಗಳಲ್ಲಿ ಪಾತ್ರ ಹಂಚುವವರು ಇದನ್ನೇ ಚರ್ಚಿಸುತ್ತಿರುವರು. ಭಾರತದಲ್ಲಿ ನೌಕರಿ ವಿದ್ಯಾಭ್ಯಾಸಗಳ ವಿಷಯದಲ್ಲಿಯೂ ಇದೇ ವಾದವು ಬೇರೆ ಮಾತುಗಳಲ್ಲಿ ನಡೆದಿದೆ. ಆದರೆ ವಾಚಕರು ಶಹಾಬಾದದ ಸುತ್ತ ಒಮ್ಮೆ ಕಣ್ಣು ಹಾಯಿಸಿದರೆ, ಈ ಪ್ರಶ್ನೆಯು ಇಲ್ಲಿಯ ನೆಲಕ್ಕೆ ಸಾವಿರ ವರುಷಗಳಿಂದಲೂ ಪರಿಚಿತವಾದುದೆಂದು ತಿಳಿಯಬರುವದು. ಕಾಗಿಣಾ ನದಿಯ ದಂಡೆಯ ಮೇಲೆ ರಾಷ್ಟ್ರಕೂಟರ ಮಳಖೇಡವಿದೆ. ಭೀಮೆಯ ದಂಡೆಯ ಮೇಲೆ ಬಹಮನೀ ಸುಲ್ತಾನನ ಫಿರೋಜಾಬಾದದ ಹಾಳು ಗೋಡೆಗಳಿವೆ. ಬಡಗಣಕ್ಕೆ ಕಲಬುರ್ಗಿಯ ಕೋಟೆ ಇದೆ. ಈ ಮೂರು ಸ್ಥಳಗಳಲ್ಲಿ ಬೇರೆ ಬೇರೆ ಕಾಲದ ಅರಸರು ದೂರ ದೇಶದಿಂದ ಬಂದವರನ್ನು ಬೇರೆ ಬೇರೆ ರೀತಿಯಿಂದ ಕಂಡರು. ಕಂಡುದರ ಫಲವನ್ನೂ ಉಂಡರು.

ಮೊದಲು ಎರಡೂ ಪಕ್ಷಗಳ ಮಾತನ್ನು ನೆಟ್ಟಗೆ ಹೇಳುವದು ಅವಶ್ಯವಾಗಿದೆ. ಒಂದು ಪಕ್ಷದವರು, ಹುಟ್ಟನ್ನು ಎಣಿಸಿದೊಡನೆಯೇ ಪಂಗಡಗಳು ಬೆಳೆಯುತ್ತವೆ, ಗುಣವೊಂದನ್ನೇ ನೋಡಿ ಉಳಿದುದಕ್ಕೆ ಕಣ್ಣು ಮುಚ್ಚಿಕೊಳ್ಳುವದೇ ನ್ಯಾಯವೆನ್ನುವರು. ಎರಡನೆಯ ಪಕ್ಷದವರು, ಹಿಂದೆ ಹುಟ್ಟಿನಿಂದಲೇ ಹೊರಗಿರಿಸಲ್ಪಟ್ಟವನನ್ನು ಇಂದು ಹುಟ್ಟನ್ನು ನೋಡದೆ ಅಳೆದರೆ ಹಳೆಯ ಅನ್ಯಾಯವೇ ಮುಂದುವರಿಯುವದು, ಆದುದರಿಂದ ಕಣ್ಣು ತೆರೆದು ನೋಡಿ ಅವನ ಪಾಲನ್ನು ಅವನಿಗೆ ಕೊಡತಕ್ಕದ್ದು ಎನ್ನುವರು. ಎರಡೂ ಮಾತುಗಳಲ್ಲಿ ಸತ್ಯವಿದೆ. ಎರಡರಿಂದಲೂ ಕೆಡುಕು ನಡೆದುದುಂಟು. ಆದುದರಿಂದ ಕೇವಲ ತರ್ಕಕ್ಕಿಂತ ಇತಿಹಾಸದ ಸಾಕ್ಷ್ಯವನ್ನು ವಿಚಾರಿಸುವದು ಮೇಲು.

ಮಳಖೇಡವನ್ನು ಆಳಿದ ರಾಷ್ಟ್ರಕೂಟರನ್ನು ಅರಬ ಪ್ರವಾಸಿಗಳು ‘ಬಲ್ಹರಾ’ ಎಂದು ಕರೆದಿದ್ದಾರೆ. ಮಳಖೇಡಕ್ಕೆ ಅವರ ಬರಹಗಳಲ್ಲಿ ‘ಮಾಂಕೀರ’ ಎಂಬ ಹೆಸರು. ಹತ್ತನೆಯ ಶತಮಾನದ ಅಲ್ ಮಸೂದಿಯು, ಈ ಅರಸರ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವೂ ರಕ್ಷಣೆಯೂ ಇದ್ದುದನ್ನು ಹೊಗಳಿ ಬರೆದಿದ್ದಾನೆ. ಇದು ಬರಿಯ ಮುಖಸ್ತುತಿಯಲ್ಲವೆಂಬುದಕ್ಕೆ ತಾಮ್ರಪಟದ ಸಾಕ್ಷಿ ಇದೆ. ಇಂದಿನ ಮಹಾರಾಷ್ಟ್ರದ ಕರಾವಳಿಯ ಚಿಂಚಣಿ ಎಂಬಲ್ಲಿ ದೊರೆತ ಶಕ ೮೪೮ನೆಯ, ಅಂದರೆ ಕ್ರಿ. ಶ. ೯೨೬ನೆಯ ವರುಷದ ಶಾಸನವು ಮೂರನೆಯ ಇಂದ್ರನ ಕಾಲದ್ದು. ಇಂದ್ರನ ಅಜ್ಜನಾದ ಎರಡನೆಯ ಕೃಷ್ಣನು ಸಂಯಾನ ಮಂಡಲದ ಆಡಳಿತವನ್ನು ಮಧುಮತಿ ಎಂಬ ತಾಜಿಕನಿಗೆ ಕೊಟ್ಟಿದ್ದನೆಂದು ಅದರಲ್ಲಿ ಹೇಳಿದೆ. ತಾಜಿಕನೆಂದರೆ ಅರಬನು, ಮಧುಮತಿ ಎಂಬದು ಮಹಮ್ಮದನೆಂಬ ಹೆಸರಿನ ಸಂಸ್ಕೃತ ರೂಪವೆಂದು ಪಂಡಿತರ ಅಭಿಪ್ರಾಯ. ಈ ಅಧಿಕಾರಿಯು ತನ್ನ ಸೀಮೆಯಲ್ಲಿ ಹೊಳೆ ದಾಟುವವರಿಗೆ ಪುಕ್ಕಟೆಯಾಗಿ ದೋಣಿಗಳನ್ನು ಇರಿಸಿದನು, ಅನ್ನಸತ್ರವನ್ನು ನಡೆಸಿದನು. ದೇವಿಯ ಮಠಿಕೆಯೊಂದಕ್ಕೆ ಭೂಮಿಯ ದತ್ತಿ ನಡೆದುದೂ ಇವನ ಅಧಿಕಾರದಲ್ಲಿಯೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಶಾಸನವನ್ನು ಬರೆದವನು ಅಧಿಕಾರಿಯ ಜನಾಂಗವನ್ನು ಮರೆಮಾಚಲಿಲ್ಲ. ‘ತಾಜಿಕ’ ಎಂದು ಸ್ಪಷ್ಟವಾಗಿ ಕೆತ್ತಿಸಿದನು. ಕಡಲ ವ್ಯಾಪಾರದ ಸೀಮೆಗೆ ಕಡಲನ್ನು ಬಲ್ಲವನನ್ನು ಅರಸನು ಆರಿಸಿದನೆಂದು ಊಹಿಸಿದರೆ ತಪ್ಪಾಗಲಾರದು. ಅಂದ ಮೇಲೆ ಮಳಖೇಡದ ದೊರೆಯು ಹುಟ್ಟಿಗೆ ಕಣ್ಣು ಮುಚ್ಚಿಕೊಂಡವನಲ್ಲ; ಹುಟ್ಟನ್ನು ಕಂಡೂ ಅದನ್ನು ಬಾಗಿಲಿಗೆ ಅಗುಳಿಯಾಗಿ ಹಾಕದವನು.

ಇದಾದ ನಾಲ್ಕು ಶತಮಾನಗಳ ಮೇಲೆ, ೧೩೪೭ರಲ್ಲಿ, ಬಹಮನೀ ರಾಜ್ಯವು ಸ್ಥಾಪಿತವಾಗಿ ಕಲಬುರ್ಗಿಯು ಅದರ ರಾಜಧಾನಿಯಾಯಿತು. ೧೩೯೭ರಿಂದ ೧೪೨೨ರ ವರೆಗೆ ಆಳಿದ ಫಿರೋಜಶಹನು ವಿದ್ಯೆಯಲ್ಲಿ ಆಸಕ್ತನಾಗಿದ್ದನು. ಗೋವೆ, ಚೌಲ ಬಂದರಗಳಿಂದ ಹಡಗಗಳನ್ನು ಕಳಿಸಿ, ಒಳ್ಳೆಯ ಸರಕಿನೊಡನೆ ಒಳ್ಳೆಯ ಮನುಷ್ಯರನ್ನೂ ಹೊರದೇಶಗಳಿಂದ ಕರೆತರಿಸುತ್ತಿದ್ದನೆಂದು ಇತಿಹಾಸಕಾರ ಫರಿಶ್ತನು ಬರೆಯುತ್ತಾನೆ. ಇರಾಣ, ತುರ್ಕಸ್ತಾನ, ಅರಬಸ್ತಾನಗಳಿಂದ ಹೀಗೆ ಬಂದವರಿಗೆ ‘ಆಫಾಕಿ’ಗಳೆಂದು ಹೆಸರಾಯಿತು. ಹಿಂದೆಯೇ ಉತ್ತರದಿಂದ ಬಂದು ಇಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳೂ, ಇಲ್ಲಿಯೇ ಮತಾಂತರ ಹೊಂದಿದವರೂ ‘ದಖ್ಖನಿ’ಗಳೆನಿಸಿದರು. ಹೊಸಬರು ಬಂದಂತೆ ದೊಡ್ಡ ಹುದ್ದೆಗಳು ಅವರ ಪಾಲಾದವು. ಹಳಬರ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು.

ರಾಜಧಾನಿಯು ಬೀದರಕ್ಕೆ ಹೋದ ಮೇಲೆ, ಎರಡನೆಯ ಅಲಾವುದ್ದೀನ ಅಹಮದನ ಕಾಲದಲ್ಲಿ (೧೪೩೬-೧೪೫೮) ಈ ಕಿಚ್ಚಿಗೆ ದರಬಾರವೇ ಗಾಳಿ ಹಾಕಿತು. ಆಫಾಕಿ ಸರದಾರನಾದ ಖಲಫ ಹಸನನು ಯುದ್ಧದಲ್ಲಿ ಜಯಶಾಲಿಯಾಗಿ ಬಂದಾಗ ಸುಲ್ತಾನನು ಸಂತೋಷಗೊಂಡು, ಇನ್ನು ಮುಂದೆ ದರಬಾರದಲ್ಲಿ ಆಫಾಕಿಗಳು ಬಲಗಡೆಯಲ್ಲಿಯೂ ದಖ್ಖನಿಗಳೂ ಹಬಶಿಗಳೂ ಎಡಗಡೆಯಲ್ಲಿಯೂ ನಿಲ್ಲತಕ್ಕದ್ದೆಂದು ಅಪ್ಪಣೆ ಮಾಡಿದನು. ಗೆದ್ದವನು ಒಬ್ಬನು, ಮಾನ ದೊರೆತುದು ಒಂದು ಇಡೀ ಪಂಗಡಕ್ಕೆ. ಸೋತ ತಪ್ಪು ಯಾರದೇ ಇರಲಿ, ಕೀಳು ಸ್ಥಾನವು ಇನ್ನೊಂದು ಇಡೀ ಪಂಗಡಕ್ಕೆ. ಅಂದಿನಿಂದ ದರಬಾರದೊಳಗೆ ಕಾಲಿಡುವ ಪ್ರತಿಯೊಬ್ಬನಿಗೂ ತಾನು ಏನು ಮಾಡಿದ್ದೇನೆಂಬುದಕ್ಕಿಂತ ಮೊದಲು, ತಾನು ಎಲ್ಲಿ ಹುಟ್ಟಿದ್ದೇನೆಂಬುದರ ನೆನಪು ಆಗತೊಡಗಿತು. ಕೆಲವು ವರುಷಗಳ ಮೇಲೆ ಅದೇ ಖಲಫ ಹಸನನು ಕೊಂಕಣದ ದಂಡಯಾತ್ರೆಯಲ್ಲಿ ಮಡಿದನು. ಉಳಿದ ಪರದೇಶಿಗಳು ಚಾಕಣದ ಕೋಟೆಗೆ ಹಿಂದಿರುಗಲು, ದಖ್ಖನಿ ಸರದಾರರು ಅವರ ಮೇಲೆ ರಾಜದ್ರೋಹದ ಸುಳ್ಳು ಸುದ್ದಿಯನ್ನು ಬೀದರಕ್ಕೆ ಕಳಿಸಿ, ಅಭಯ ಕೊಟ್ಟು ಔತಣಕ್ಕೆ ಕರೆದು ಕೊಲ್ಲಿಸಿದರು. ನಿಜವು ಹೊರಬಿದ್ದ ಮೇಲೆ ಸುಲ್ತಾನನು ಅಪರಾಧಿಗಳನ್ನು ದಂಡಿಸಿದನು. ಆದರೆ ಬಲ-ಎಡಗಳ ನಡುವಿನ ಬಿರುಕು ಮುಚ್ಚಲಿಲ್ಲ.

ಎಡಗಡೆಯ ಸಾಲಿನಲ್ಲಿ ನಿಂತ ಹಬಶಿಗಳ ಸ್ಥಿತಿಯು ವಿಶೇಷ ವಿಚಾರಕ್ಕೆ ಯೋಗ್ಯವಾಗಿದೆ. ಅಬಿಸೀನಿಯಾ ಮೊದಲಾದ ಆಫ್ರಿಕೆಯ ನಾಡುಗಳಿಂದ ಗುಲಾಮರಾಗಿ ಮಾರಲ್ಪಟ್ಟು, ಅರಬರ ಹಡಗಗಳಲ್ಲಿ ಬಂದ ಇವರೂ ಕಡಲಾಚೆಯವರೇ. ಹುಟ್ಟಿದ ದೇಶವನ್ನೇ ಲೆಕ್ಕಕ್ಕೆ ಹಿಡಿದಿದ್ದರೆ ಇವರು ಪರದೇಶಿಗಳ ಸಾಲಿನಲ್ಲಿ ನಿಲ್ಲತಕ್ಕವರು. ಆದರೆ ಇರಾಣಿಯು ಪರದೇಶಿಯಾದನು, ಆಫ್ರಿಕದವನು ‘ದಖ್ಖನಿ’ಯ ಜೊತೆಗಾರನಾದನು. ಪಂಥವೂ ಬಣ್ಣವೂ ಗುಲಾಮಗಿರಿಯ ಪೂರ್ವಸ್ಥಿತಿಯೂ ಸೇರಿ ಈ ಹಂಚಿಕೆಯನ್ನು ಮಾಡಿದವು. ಇದರ ಮೇಲಿಂದ, ಸಮಾಜವು ‘ಹುಟ್ಟು’ ಎಂದು ಕರೆಯುವದು ಹುಟ್ಟಿನ ನಿಜವಾದ ಸಂಗತಿಯಲ್ಲ, ತನ್ನ ಅನುಕೂಲಕ್ಕೆ ತಾನೇ ಬರೆದುಕೊಂಡ ಪಟ್ಟಿ ಎಂಬದು ಸ್ಪಷ್ಟವಾಗುವದು.

ಈ ಬಿರುಕನ್ನು ಮುಚ್ಚಲು ಬುದ್ಧಿಪೂರ್ವಕವಾಗಿ ಯತ್ನಿಸಿದವನು ಮಹಮೂದ ಗವಾನನು. ಗೀಲಾನ ಪ್ರಾಂತದಲ್ಲಿ ಹುಟ್ಟಿ, ೧೪೫೩ರ ಸುಮಾರಿಗೆ ವ್ಯಾಪಾರಿಯಾಗಿ ಬಂದು, ಮುಂದೆ ರಾಜ್ಯದ ಪ್ರಧಾನಿಯಾದ ಇವನು ಬೀದರದಲ್ಲಿ ೧೪೭೨ರಲ್ಲಿ ಕಟ್ಟಿಸಿದ ಮದರಸವು ಇಂದಿಗೂ ಅರ್ಧ ಮುರಿದು ನಿಂತಿದೆ. ತಾನು ಸ್ವತಃ ಆಫಾಕಿಯಾಗಿದ್ದರೂ ಇವನು ತನ್ನವರನ್ನೇ ಮೇಲೆತ್ತಲಿಲ್ಲ. ರಾಜ್ಯದ ನಾಲ್ಕು ತರಫುಗಳನ್ನು ಎಂಟು ಮಾಡಿ, ಅಧಿಕಾರಗಳನ್ನು ಎರಡೂ ಪಂಗಡಗಳಿಗೆ ಸಮತೂಕದಿಂದ ಹಂಚಿದನು. ಆ ಹಂಚಿಕೆಯಲ್ಲಿ ಕಲಬುರ್ಗಿಯ ತರಫು ದಸ್ತೂರ ದೀನಾರನೆಂಬ ಹಬಶಿಗೆ ಬಂದಿತು. ಅಂದರೆ ಇಂದು ಶಹಾಬಾದ, ಚಿತ್ತಾಪುರಗಳಿರುವ ಈ ಸೀಮೆಯನ್ನು ಐನೂರು ವರುಷಗಳ ಹಿಂದೆ ಆಫ್ರಿಕದ ಮೂಲದವನೊಬ್ಬನು ಆಳುತ್ತಿದ್ದನು. ಈ ಸಂಗತಿಯು ಇಲ್ಲಿಯ ಜನರ ಬಾಯಲ್ಲಿ ಉಳಿದಿಲ್ಲ. ಮರೆವು ಸಹ ಒಂದು ತೆರನಾದ ‘ಕಾಣದಿರುವಿಕೆ’ಯೇ ಆಗಿದೆ.

ಗವಾನನ ಸಮತೂಕವು ಅವನ ಪ್ರಾಣವನ್ನು ಉಳಿಸಲಿಲ್ಲ. ಅವನ ಮುದ್ರೆಯನ್ನು ಕಾಯುತ್ತಿದ್ದ ಹಬಶಿ ಸೇವಕನನ್ನು ವೈರಿಗಳು ಒಲಿಸಿಕೊಂಡು, ಮದ್ಯ ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಒರಿಸ್ಸದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದರು. ಕುಡಿತದ ಅಮಲಿನಲ್ಲಿದ್ದ ಸುಲ್ತಾನ ಮೂರನೆಯ ಮಹಮ್ಮದನು ವಿಚಾರಣೆ ಇಲ್ಲದೆ ೧೪೮೧ರ ಏಪ್ರಿಲದಲ್ಲಿ ವೃದ್ಧ ಪ್ರಧಾನಿಯ ತಲೆ ಹೊಡೆಸಿದನು. ಪತ್ರವು ಕೃತ್ರಿಮವೆಂದು ತಿಳಿದಾಗ ಕಾಲ ಮಿಂಚಿತ್ತು. ಮರುವರುಷ ಸುಲ್ತಾನನೂ ತೀರಿಕೊಂಡನು. ೧೪೮೭ರಲ್ಲಿ ದಖ್ಖನಿಗಳೂ ಹಬಶಿಗಳೂ ಕೂಡಿ ಬೀದರದ ಅರಮನೆಗೆ ನುಗ್ಗಿ ಹೊಸ ಸುಲ್ತಾನನನ್ನು ಕೊಲ್ಲಲೆತ್ನಿಸಿದರು. ಪರದೇಶಿಗಳು ಅವನನ್ನು ಉಳಿಸಿದರು. ಅನಂತರ ಮೂರು ದಿನಗಳ ವರೆಗೆ ದಖ್ಖನಿ-ಹಬಶಿಗಳ ಕಗ್ಗೊಲೆ ನಡೆಯಿತು. ತರಫುದಾರರು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಕಲಬುರ್ಗಿಯ ದಸ್ತೂರ ದೀನಾರನು ೧೫೦೪ರಲ್ಲಿ ಬಿಜಾಪುರದ ಯೂಸುಫ ಆದಿಲಖಾನನೊಡನೆ ಕಾದಿ ಮಡಿದನು; ಈ ಸೀಮೆಯು ಬಿಜಾಪುರಕ್ಕೆ ಸೇರಿತು.

ಹುಟ್ಟನ್ನು ಎಣಿಸಬಾರದೆನ್ನುವ ಪಕ್ಷದವರು ಈ ಕಥೆಯನ್ನು ತಮ್ಮ ಕಡೆಯ ಸಾಕ್ಷಿಯಾಗಿ ಕರೆಯಬಹುದು. ಸಮಪಾಲು ಹಂಚಿದರೂ ಪಂಗಡಗಳು ಒಂದಾಗಲಿಲ್ಲ. ಪ್ರತಿಯೊಂದು ಹುದ್ದೆಯೂ ‘ನಮ್ಮದು’ ‘ಅವರದು’ ಎಂಬ ಲೆಕ್ಕಕ್ಕೆ ಬಿದ್ದಿತು ಎಂಬ ಅವರ ಮಾತು ಅಲ್ಲಗಳೆಯುವಂಥದಲ್ಲ. ಆದರೆ ಇಷ್ಟಕ್ಕೇ ನಿಂತರೆ ವಿಚಾರವು ಅರ್ಧವಾಗುವದು. ಗವಾನನ ಮೇಲಿನ ದ್ವೇಷಕ್ಕೆ ಇನ್ನೊಂದು ಕಾರಣವಿದ್ದಿತು. ಅವನು ಪ್ರತಿ ತರಫುದಾರನ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವುಗಳಿಗೆ ಸುಲ್ತಾನನ ಕಿಲ್ಲೇದಾರರನ್ನು ನೇಮಿಸಿದನು; ಸೈನಿಕರ ಲೆಕ್ಕವನ್ನು ಬಿಗಿಯಾಗಿ ನೋಡಿ, ಇಲ್ಲದ ಸೈನಿಕರ ಸಂಬಳವನ್ನು ನಿಲ್ಲಿಸಿದನು. ಅಧಿಕಾರವೂ ಆದಾಯವೂ ಕಡಿಮೆಯಾದ ಸರದಾರರು, ‘ಪರದೇಶಿಯ ಅನ್ಯಾಯ’ವೆಂಬ ಹಳೆಯ ಕೂಗನ್ನು ಹೊಸ ಹಗೆತನಕ್ಕೆ ಹೊದಿಸಿದರು. ಅಲ್ಲದೆ ದರಬಾರದ ಬಲ-ಎಡಗಳನ್ನು ಮೊದಲು ಮಾಡಿದವನು ಗವಾನನಲ್ಲ. ಮೇಲು ಕೀಳುಗಳನ್ನು ನಿರ್ಮಿಸಲು ಹುಟ್ಟನ್ನು ಕಂಡುದು ಒಂದು. ಹಾಗೆ ನಿರ್ಮಿತವಾದ ಮೇಲು ಕೀಳುಗಳನ್ನು ಸರಿಪಡಿಸಲು ಅದನ್ನು ಕಂಡುದು ಇನ್ನೊಂದು. ರೋಗವನ್ನೂ ಔಷಧವನ್ನೂ ಒಂದೇ ಹೆಸರಿನಿಂದ ಕರೆಯುವದು ಸರಿಯಲ್ಲ. ಔಷಧವು ತಡವಾಗಿ ಬಂದಿತೆಂಬದು ಬೇರೆ ಮಾತು.

ಕಣ್ಣು ಬಣ್ಣದಲ್ಲಿಯೇ ಸಿಕ್ಕಿಕೊಂಡರೆ ಏನಾಗುವದೆಂಬುದಕ್ಕೆ ಮಲಿಕ ಅಂಬರನ ಚರಿತ್ರೆಯನ್ನು ನೋಡಬೇಕು. ಅಬಿಸೀನಿಯದಲ್ಲಿ ೧೫೪೮ರ ಸುಮಾರಿಗೆ ಹುಟ್ಟಿ, ಹಲವು ಕೈಗಳಿಗೆ ಮಾರಲ್ಪಟ್ಟು ದಖ್ಖಣಕ್ಕೆ ಬಂದ ಈ ಹಬಶಿಯು ಅಹಮದನಗರದ ರಾಜ್ಯವನ್ನು ಎರಡು ದಶಕಗಳಿಗೂ ಮೀರಿ ಕಾಪಾಡಿದನು, ೧೬೨೪ರಲ್ಲಿ ಭಾತವಡಿಯಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಕೂಡಿಯೇ ಸೋಲಿಸಿದನು, ಭೂಕಂದಾಯವನ್ನು ಕ್ರಮಪಡಿಸಿದನು. ಅವನನ್ನು ಗೆಲ್ಲಲಾರದ ಜಹಾಂಗೀರ ಬಾದಶಹನು ತನ್ನ ಆತ್ಮಚರಿತ್ರೆಯಲ್ಲಿ ಅವನ ಕಪ್ಪು ಮುಖವನ್ನೇ ಹೀಯಾಳಿಸಿದನು. ಅಂಬರನ ತಲೆಯನ್ನು ಭರ್ಜಿಗೆ ಸಿಕ್ಕಿಸಿ ತಾನು ಬಾಣದಿಂದ ಹೊಡೆಯುತ್ತಿರುವಂತೆ ಚಿತ್ರ ಬರೆಯಿಸಿಕೊಂಡನು. ರಣದಲ್ಲಿ ದೊರೆಯದ ಜಯವು ಪಟದಲ್ಲಿ ದೊರೆಯಿತು! ೧೬೨೬ರಲ್ಲಿ ಅಂಬರನು ತೀರಿಕೊಂಡಾಗ ಮೊಗಲರ ಇತಿಹಾಸಕಾರನೇ ಅವನ ಯುದ್ಧಕೌಶಲ್ಯವನ್ನೂ ಆಡಳಿತವನ್ನೂ ಅಸಮಾನವೆಂದು ಮೆಚ್ಚಿ ಬರೆದನು. ಬದುಕಿದ್ದಾಗ ಬಣ್ಣವಷ್ಟೇ ಕಂಡಿತು. ಸತ್ತ ಮೇಲೆ ಮನುಷ್ಯನು ಕಂಡನು.

ಇನ್ನು ಎರಡನೆಯ ಮಗ್ಗುಲನ್ನು ನೋಡಬೇಕು. ಆಫ್ರಿಕದ ಮೂಲದ ಜನರು ಕನ್ನಡ ನಾಡಿನಿಂದ ಮರೆಯಾಗಲಿಲ್ಲ. ಬೀದರದ ಬಳಿಯ ಹಬಶಿಕೋಟೆಯ ದಿಣ್ಣೆಯ ಮೇಲೆ ಅವರ ಗೋರಿಗಳಿವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ಸಿದ್ದಿಗಳ ಮನೆಗಳಿವೆ. ಇವರಲ್ಲಿ ಬಹುಮಂದಿಯ ಹಿರಿಯರು ಗೋವೆಯ ಪೋರ್ತುಗೀಜರ ಗುಲಾಮಗಿರಿಯಿಂದ ಬಿಡುಗಡೆ ಹೊಂದಿಯೋ ತಪ್ಪಿಸಿಕೊಂಡೋ ಘಟ್ಟದ ಕಾಡುಗಳನ್ನು ಸೇರಿದವರೆಂದು ತಿಳಿಯುವದು. ಇವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ, ಉರ್ದು ಮಾತಾಡುವವರಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಪಟ್ಟಿಗಳು ಇವರ ವಿಷಯದಲ್ಲಿ ಬಹುಕಾಲ ಕಣ್ಣು ಮುಚ್ಚಿಕೊಂಡಿದ್ದವು. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಸಂತೆಯಲ್ಲಿ, ಶಾಲೆಯಲ್ಲಿ, ಒಡೆಯನ ಅಂಗಳದಲ್ಲಿ ಇವರ ಗುಂಗುರು ಕೂದಲನ್ನೂ ಬಣ್ಣವನ್ನೂ ಕಾಣದವರು ಯಾರೂ ಇರಲಿಲ್ಲ. ಕಾಯಿದೆಯು ಕಾಣಲಿಲ್ಲ, ಸಮಾಜವು ಕಾಣುತ್ತಲೇ ಇದ್ದಿತು. ಇಂಥ ಕುರುಡುತನವು ನ್ಯಾಯವಲ್ಲ. ಬಲವುಳ್ಳವನಿಗೆ ಅನುಕೂಲವಾದ ಮರೆವು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಅನುಸೂಚಿತ ಬುಡಕಟ್ಟುಗಳ ಪಟ್ಟಿಗೆ ಸೇರಿದರು. ೨೦೨೦ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳವರೂ ಸೇರಿದರು. ಅದೇ ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿ, ಕರ್ನಾಟಕದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲನೆಯ ಸಿದ್ದಿಯಾದರು. ಹೆಸರು ಹಿಡಿದು ಕರೆಯದಿದ್ದರೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ಆದರೂ ಕಾಣುವದರಲ್ಲಿಯೂ ಎರಡು ಬಗೆಗಳಿವೆ. ೧೯೮೦ರ ದಶಕದ ಕೊನೆಗೆ ಭಾರತದ ಕ್ರೀಡಾ ಪ್ರಾಧಿಕಾರವು, ಆಫ್ರಿಕದ ಮೂಲದವರು ಓಟದಲ್ಲಿ ಮೇಲೆಂಬ ನಂಬಿಕೆಯಿಂದ, ಸಿದ್ದಿ ಹುಡುಗ ಹುಡುಗಿಯರನ್ನು ಆಯ್ದು ತರಬೇತು ಕೊಡುವ ಯೋಜನೆಯನ್ನು ಕೈಕೊಂಡಿತು. ಕೆಲವರು ಪದಕಗಳನ್ನು ಗೆದ್ದರು. ಆದರೆ ಕೆಲವೇ ವರುಷಗಳಲ್ಲಿ ಯೋಜನೆಯು ನಿಂತುಹೋಗಿ, ಮಕ್ಕಳು ಊರಿಗೆ ಮರಳಿದರು. ಇಲ್ಲಿ ಸಿದ್ದಿಯ ಕಾಲುಗಳನ್ನು ಕಂಡವರು ಸಿದ್ದಿಯ ಇಡೀ ಜೀವನವನ್ನು ಕಾಣಲಿಲ್ಲ. ಅವನಲ್ಲಿ ಓಟಗಾರನಲ್ಲದೆ ವೈದ್ಯನೋ ಲೆಕ್ಕಿಗನೋ ಕವಿಯೋ ಇರಬಹುದೆಂಬ ಯೋಚನೆಗೆ ಆ ನೋಟದಲ್ಲಿ ಎಡೆ ಇರಲಿಲ್ಲ. ಮೆಚ್ಚುಗೆಯ ನೋಟವೂ ಸಂಕೋಲೆಯಾಗಬಲ್ಲದೆಂಬುದಕ್ಕೆ ಇದು ಒಳ್ಳೆಯ ದೃಷ್ಟಾಂತವು.

ರಂಗಭೂಮಿಯಲ್ಲಿ ಇದೇ ಪ್ರಶ್ನೆಯು ಕಣ್ಣಿಗೆ ಕಟ್ಟುವಂತೆ ಎದುರಾಗುವದು. ವೆನಿಸದ ಸೇನಾನಿಯಾದ ಕಪ್ಪು ಬಣ್ಣದ ಒಥೆಲ್ಲೋನನ್ನು ಬಸವಪ್ಪ ಶಾಸ್ತ್ರಿಗಳು (೧೮೪೩-೧೮೯೧) ಕನ್ನಡಕ್ಕೆ ತರುವಾಗ ಅವನು ಶೂರಸೇನನಾದನು. ಆ ಕಾಲದ ರೂಪಾಂತರಗಳ ಪದ್ಧತಿಯೇ ಹಾಗಿತ್ತು; ಅದರಿಂದ ಕನ್ನಡ ರಂಗಕ್ಕೆ ಲಾಭವೂ ಆಯಿತು. ಆದರೆ ಹೆಸರು ಬದಲಾದಾಗ, ನಾಯಕನ ದುರಂತಕ್ಕೆ ಅವನ ಸಂಶಯದೊಡನೆ ಅವನ ಸುತ್ತಲಿನವರ ವರ್ಣದ್ವೇಷವೂ ಕಾರಣವೆಂಬ ಮಾತು ಪ್ರೇಕ್ಷಕನಿಂದ ದೂರವಾಗುವ ಸಂಭವವುಂಟು. ಇಂಗ್ಲಂಡದಲ್ಲಿಯೋ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಈ ಪಾತ್ರವನ್ನು ಶತಮಾನಗಳ ಕಾಲ ಆಡಿದರು. ೧೮೩೩ರಲ್ಲಿ ಲಂಡನದ ಕೊವೆಂಟ್ ಗಾರ್ಡನ್ ರಂಗದ ಮೇಲೆ ಐರಾ ಆಲ್ಡ್ರಿಜ್ ಎಂಬ ನಿಜವಾದ ಕರಿಯ ನಟನು ಒಥೆಲ್ಲೋ ಆಗಿ ನಿಂತಾಗ ಪತ್ರಿಕೆಗಳು ಅವನ ಬಣ್ಣವನ್ನೇ ಹಿಡಿದು ಜರೆದವು. ಕಪ್ಪು ಮುಖವು ಬೇಕಾಗಿತ್ತು. ಕಪ್ಪು ಮನುಷ್ಯನು ಬೇಡವಾಗಿದ್ದನು! ೧೯೪೩ರಲ್ಲಿ ನ್ಯೂಯಾರ್ಕದಲ್ಲಿ ಪಾಲ್ ರೋಬ್ಸನ್ನನು ಅದೇ ಪಾತ್ರವನ್ನು ಮಾಡಿದಾಗ ಆ ನಾಟಕವು ೨೯೬ ಪ್ರಯೋಗಗಳನ್ನು ಕಂಡಿತು. ೧೯೯೬ರಲ್ಲಿ ಅಮೇರಿಕೆಯ ನಾಟಕಕಾರ ಆಗಸ್ಟ್ ವಿಲ್ಸನ್ನನು, ಬಣ್ಣವನ್ನು ಲೆಕ್ಕಿಸದೆ ಪಾತ್ರ ಹಂಚುವದು ಕರಿಯರಿಗೆ ಬಿಳಿಯರ ಕಥೆಗಳಲ್ಲಿ ಒಂದು ಮೂಲೆಯನ್ನು ಕೊಟ್ಟು, ಅವರ ಸ್ವಂತ ಕಥೆಗಳನ್ನು ಅಳಿಸುವದೆಂದು ವಾದಿಸಿದನು.

ಕನ್ನಡದಲ್ಲಿ ಈ ಎರಡೂ ದಾರಿಗಳ ಪ್ರಯೋಗವು ನಡೆದಿದೆ. ೧೯೮೦ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ರಂಗಕರ್ಮಿಗಳು ಮಂಚಿಕೇರಿಯ ಸಿದ್ದಿಗಳೊಡನೆ ಕೂಡಿ, ನೈಜೀರಿಯದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ಇಲ್ಲಿ ನಟರ ಮೂಲವನ್ನು ಉದ್ದೇಶಪೂರ್ವಕವಾಗಿಯೇ ಗಮನಿಸಲಾಯಿತು. ಪೂರ್ವಜರ ನಾಡಿನ ನೆನಪೇ ಇಲ್ಲದ ಜನರು ಆ ನಾಡಿನ ಖಂಡದ ದುಃಖವನ್ನು ಕನ್ನಡದಲ್ಲಿ ಹೇಳಿದರು. ಅದೇ ಸಂಸ್ಥೆಯಲ್ಲಿ ಶಿಕ್ಷಣ ಹೊಂದಿದ ಸಿದ್ದಿ ನಟ ನಟಿಯರು ಮುಂದೆ ನಾಟಕ ಚಲನಚಿತ್ರಗಳಿಗೆ ಬಂದಿದ್ದಾರೆ. ಆಫ್ರಿಕದ ಕಥೆಯಲ್ಲಿ ಸಿದ್ದಿಯನ್ನು ಕರೆಯುವದು ಯೋಗ್ಯವೇ. ಆದರೆ ಅಲ್ಲಿಗೇ ಮುಗಿದರೆ ಅವನನ್ನು ಮತ್ತೆ ದರಬಾರದ ಎಡಸಾಲಿಗೆ ನಿಲ್ಲಿಸಿದಂತಾಗುವದು. ಮಹಾಭಾರತದ ದ್ರೌಪದಿಗೆ ‘ಕೃಷ್ಣೆ’ ಎಂಬ ಹೆಸರು ಬಂದುದು ಅವಳ ಮೈಬಣ್ಣದಿಂದ. ರಾಮನೂ ಕೃಷ್ಣನೂ ಶ್ಯಾಮವರ್ಣದವರು. ಹೀಗಿರಲು, ದೇವರ ಬಣ್ಣವನ್ನು ಹೊತ್ತು ಹುಟ್ಟಿದವನಿಗೆ ರಂಗದ ಮೇಲೆ ಯಾವಾಗಲೂ ಕಾವಲುಗಾರನ ಭರ್ಜಿಯನ್ನೇ ಕೊಡುವದಾದರೆ, ಅದು ಕಥೆಯ ಅವಶ್ಯಕತೆಯಲ್ಲ, ಹಂಚುವವನ ರೂಢಿ ಎಂದೇ ತಿಳಿಯಬೇಕು.

ಈ ಸೀಮೆಯ ಅರ್ವಾಚೀನ ಇತಿಹಾಸವೂ ಇದೇ ಪಾಠವನ್ನು ಹೇಳುವದು. ನಿಜಾಮರ ರಾಜ್ಯದಲ್ಲಿ ಹೊರಗಿನಿಂದ ಬಂದ ಅಧಿಕಾರಿಗಳು ತುಂಬಿದಾಗ ದಖ್ಖನಿ-ಆಫಾಕಿಗಳ ಹಳೆಯ ವಾದವು ‘ಮುಲ್ಕಿ-ಗೈರಮುಲ್ಕಿ’ ಎಂಬ ಹೊಸ ಹೆಸರಿನಿಂದ ಎದ್ದಿತು. ೧೯೧೯ರಲ್ಲಿ ನೌಕರಿಗಾಗಿ ಮುಲ್ಕಿ ನಿಯಮಗಳು ಬಂದವು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧(ಜೆ) ಕಲಮಿನ ಮೇರೆಗೆ ೨೦೧೩ರಿಂದ ಈ ಹಿಂದುಳಿದ ಭಾಗದವರಿಗೆ ವಿದ್ಯಾಭ್ಯಾಸದಲ್ಲಿಯೂ ನೌಕರಿಯಲ್ಲಿಯೂ ಪಾಲು ದೊರೆಯುತ್ತಿದೆ. ತಮ್ಮ ಹುಟ್ಟಿದ ಸ್ಥಳವನ್ನು ಗಮನಿಸಬೇಕೆಂದು ಬೇಡಿ ಪಡೆದ ಜನರು, ತಮಗಿಂತ ಕೆಳಗಿನವನು ಅದನ್ನೇ ಬೇಡಿದಾಗ ‘ಹುಟ್ಟನ್ನು ಎಣಿಸಬಾರದು’ ಎಂದು ಹೇಳುವದು ಶೋಭಿಸದು.

ಹಾಗಾದರೆ ಅಳತೆಗೋಲು ಯಾವದು? ಹನ್ನೆರಡನೆಯ ಶತಮಾನದ ಕಲ್ಯಾಣವು ಶಹಾಬಾದಕ್ಕೆ ದೂರದ್ದಲ್ಲ. ಶರಣರಲ್ಲಿ ಒಬ್ಬರನ್ನೊಬ್ಬರು ಕುಲ ಕೇಳಬಾರದೆಂಬ ಕಟ್ಟಳೆ ಇದ್ದಿತು. ಆದರೂ ಅವರ ಹೆಸರುಗಳನ್ನು ನೋಡಿರಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ. ಕುಲವನ್ನು ಕೇಳಬೇಡವೆಂದವರೇ ತಮ್ಮ ಕಸುಬಿನ ಗುರುತನ್ನು ಹೆಸರಿನ ಮುಂದೆ ಉಳಿಸಿಕೊಂಡರು; ಅದನ್ನು ಮರೆಮಾಚಿ ಗೌರವ ಪಡೆಯಲಿಲ್ಲ, ಅದರೊಡನೆಯೇ ಗೌರವ ಪಡೆದರು. ಮೇಲು ಕೀಳು ಎಣಿಸುವದಕ್ಕಾಗಿ ಕೇಳುವ ಪ್ರಶ್ನೆಯನ್ನು ಅವರು ನಿಲ್ಲಿಸಿದರು. ಮನುಷ್ಯನು ಎಲ್ಲಿಂದ ಬಂದನೆಂಬ ಅರಿವನ್ನು ನಿಲ್ಲಿಸಲಿಲ್ಲ.

ಮಳಖೇಡದ ದೊರೆಯು ಮಧುಮತಿಯನ್ನು ತಾಜಿಕನೆಂದು ಕಂಡು ಮಂಡಲವನ್ನು ಕೊಟ್ಟನು; ಬೀದರದ ಸುಲ್ತಾನನು ಹಬಶಿಯನ್ನು ಹಬಶಿಯೆಂದು ಕಂಡು ಎಡಗಡೆಗೆ ನಿಲ್ಲಿಸಿದನು. ಕಣ್ಣುಗಳು ಎರಡೂ ಕಡೆಗೆ ತೆರೆದೇ ಇದ್ದವು. ಆದುದರಿಂದ ನ್ಯಾಯವು ಕಾಣುವದರಲ್ಲಿಯಾಗಲಿ ಕಾಣದಿರುವದರಲ್ಲಿಯಾಗಲಿ ಇಲ್ಲ; ಕಂಡ ಮೇಲೆ ಅವನ ಸ್ಥಳವನ್ನು ಹಿಗ್ಗಿಸಿದೆವೋ ಕುಗ್ಗಿಸಿದೆವೋ ಎಂಬದರಲ್ಲಿ ಇದೆ. ಈ ಮಾತನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ವಾಡಿಯ ಜಂಕ್ಷನ್ನಿನಲ್ಲಿ, ಶಹಾಬಾದದ ಕಲ್ಲಿನ ಗಣಿಗಳಲ್ಲಿ, ಸಿಮೆಂಟಿನ ಊರುಗಳಲ್ಲಿ ನಾನಾ ದೇಶದ ನಾನಾ ಬಣ್ಣದ ಜನರು ದಿನವೂ ಬಂದಿಳಿಯುತ್ತಿದ್ದಾರೆ. ಅವರಲ್ಲಿ ಯಾರಿಗೆ ಯಾವ ಸಾಲಿನಲ್ಲಿ ಸ್ಥಳ ಕೊಡಲಾಗುತ್ತಿದೆ ಎಂಬದನ್ನು ವಾಚಕರು ನೋಡಿಕೊಂಡರೆ, ಈ ನೆಲವು ತನ್ನ ಇತಿಹಾಸದಿಂದ ಎಷ್ಟು ಕಲಿತಿದೆ ಎಂಬದು ತಿಳಿದೀತು.